ಜಾಂಡೀಸ್ ರಿಪೋರ್ಟ್: ಇಳಿಯುವ ಅಂಕಿಯೆಲ್ಲ ಗುಣದ ಲಕ್ಷಣವಲ್ಲ

ಮುಂಬಯಿ: ಮಳೆಗಾಲ ಕಾಲಿಟ್ಟ ಕೆಲವೇ ವಾರಗಳಲ್ಲಿ ಮಹಾನಗರಗಳ ಆಸ್ಪತ್ರೆಗಳಿಗೆ ಜಾಂಡೀಸ್ ರೋಗಿಗಳು ಬರತೊಡಗುತ್ತಾರೆ. ಕರಾವಳಿಯವರು ಅರಸಿನ ಮುಂಡಿಗೆ ಎಂದೂ, ಉತ್ತರ ಕರ್ನಾಟಕದವರು ಕಾಮಣಿ ಎಂದೂ, ಮೈಸೂರು ಕಡೆಯವರು ಕಾಮಾಲೆ ಎಂದೂ ಕರೆಯುವ ಈ ಕಾಯಿಲೆ ಹೊರನಾಡ ಕನ್ನಡಿಗರಿಗೆ ಹೊಸತೇನಲ್ಲ. ಹೊಟೇಲಿನ ಮಾಳಿಗೆಯಲ್ಲಿ ಒಟ್ಟಾಗಿ ಮಲಗುವ ಕಾರ್ಮಿಕರು, ಪೇಯಿಂಗ್ ಗೆಸ್ಟ್ ಆಗಿರುವ ಐಟಿ ಉದ್ಯೋಗಿಗಳು, ಹಾಸ್ಟೆಲ್ ವಿದ್ಯಾರ್ಥಿಗಳು, ಯಾರನ್ನೂ ಇದು ಬಿಡುವುದಿಲ್ಲ. ಊರಿನಿಂದ ದೂರವಿರುವ ಇಂಥವರ ಮೊದಲ ಕರೆ ಹೋಗುವುದು ಅನೇಕ ಸಲ ಸಂಘದ ಕಾರ್ಯದರ್ಶಿಗೆ ಅಥವಾ ವೈದ್ಯಕೀಯ ಸಮಿತಿಯ ಸಂಚಾಲಕರಿಗೆ. "ರಿಪೋರ್ಟ್ ಬಂದಿದೆ, ಎಸ್‌ಜಿಪಿಟಿ ಮೂರು ಸಾವಿರ ಇದೆ, ಏನು ಮಾಡೋಣ?" ಎಂಬುದು ಮೊದಲ ದಿನದ ಪ್ರಶ್ನೆ. "ಈಗ ಆರುನೂರಕ್ಕೆ ಇಳಿದಿದೆ, ಇನ್ನು ಭಯವಿಲ್ಲವಲ್ಲ?" ಎಂಬುದು ನಾಲ್ಕಾರು ದಿನ ಬಿಟ್ಟು ಬರುವ ಪ್ರಶ್ನೆ.

ಅಪಾಯ ಅಡಗಿರುವುದು ಈ ಎರಡನೆಯ ಪ್ರಶ್ನೆಯಲ್ಲಿ. ಬಹುತೇಕ ರೋಗಿಗಳ ವಿಷಯದಲ್ಲಿ ಅದಕ್ಕೆ ಉತ್ತರ "ಹೌದು, ಭಯವಿಲ್ಲ" ಎಂದೇ ಇರುತ್ತದೆ. ಆದರೆ ಕೆಲವೇ ಕೆಲವರಲ್ಲಿ ಆ ಅಂಕಿ ಇಳಿಯುವುದು ಲಿವರ್ ಚೇತರಿಸಿಕೊಂಡದ್ದರಿಂದಲ್ಲ, ಸೋತದ್ದರಿಂದ. ಈ ಎರಡನ್ನು ಬೇರ್ಪಡಿಸಿ ಹೇಳಬಲ್ಲ ಪರೀಕ್ಷೆ ಸಾಮಾನ್ಯ ಲಿವರ್ ರಿಪೋರ್ಟಿನಲ್ಲಿ ಇರುವುದೇ ಇಲ್ಲ. ಮಹಾನಗರಗಳ ಕನ್ನಡ ಸಂಘಗಳು ತಿಳಿದಿರಬೇಕಾದ ಮುಖ್ಯ ಸಂಗತಿ ಇದು.

ನೀರಿನಿಂದ ಬರುವ ರೋಗ, ಮತ್ತೆ ಮತ್ತೆ ಬರುವ ರೋಗ

ಲಿವರ್‌ಗೆ ಊತ ತರುವ ವೈರಾಣುಗಳಲ್ಲಿ ಎ ಮತ್ತು ಇ ಎಂಬವು ಕೊಳಚೆ ಬೆರೆತ ನೀರು ಹಾಗೂ ಆಹಾರದಿಂದ ಹರಡುತ್ತವೆ. ಬಿ ಮತ್ತು ಸಿ ರಕ್ತ, ಸೂಜಿ, ಲೈಂಗಿಕ ಸಂಪರ್ಕ ಹಾಗೂ ತಾಯಿಯಿಂದ ಮಗುವಿಗೆ ಬರುವಂಥವು. ಮಳೆಗಾಲದ ಜಾಂಡೀಸ್ ಬಹುಪಾಲು ಮೊದಲ ಗುಂಪಿನದು.

ದಿಲ್ಲಿಯಲ್ಲಿ 1955ರ ಕೊನೆಯಿಂದ 1956ರ ಆರಂಭದವರೆಗೆ ಸುಮಾರು 29,000 ಮಂದಿಗೆ ಜಾಂಡೀಸ್ ತಗುಲಿದ ಘಟನೆ ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಯಮುನೆಯ ಪ್ರವಾಹದ ಬಳಿಕ ಕೊಳಚೆ ನಾಲೆಯ ನೀರು ಕುಡಿಯುವ ನೀರಿನ ಪಂಪಿಂಗ್ ಕೇಂದ್ರವನ್ನು ಸೇರಿದ್ದೇ ಅದಕ್ಕೆ ಕಾರಣ. ಅಂದು ಕಾದಿರಿಸಿದ್ದ ರಕ್ತದ ಮಾದರಿಗಳನ್ನು ದಶಕಗಳ ನಂತರ ಪರೀಕ್ಷಿಸಿದಾಗ ಅದು ಇ ವೈರಾಣುವಿನ ಕೆಲಸವೆಂದು ತಿಳಿಯಿತು. ಕನ್ನಡ ಮಾತನಾಡುವವರೂ ಇರುವ ಗಡಿಭಾಗದ ಇಚಲಕರಂಜಿಯಲ್ಲಿ 2012ರಲ್ಲಿ ಕಾಣಿಸಿಕೊಂಡದ್ದೂ ಇದೇ ವೈರಾಣು. ಕೇರಳದ ಎರ್ನಾಕುಲಂ ಜಿಲ್ಲೆಯ ವೆಂಗೂರು ಪಂಚಾಯತ್‌ನಲ್ಲಿ 2024ರ ಬೇಸಿಗೆಯಲ್ಲಿ ಎ ವೈರಾಣು 200ಕ್ಕೂ ಹೆಚ್ಚು ಮಂದಿಯನ್ನು ಕಾಡಿತು. ಅಲ್ಲಿಯೂ ಬೆರಳು ತೋರಿದ್ದು ಕುಡಿಯುವ ನೀರಿನ ಕಡೆಗೇ.

ಎ ವೈರಾಣು ಮಕ್ಕಳಿಗೆ ತಗುಲಿದರೆ ಎಷ್ಟೋ ಸಲ ಗೊತ್ತೇ ಆಗದಂತೆ ಬಂದು ಹೋಗುತ್ತದೆ, ಜೀವಮಾನದ ರಕ್ಷಣೆಯನ್ನೂ ಕೊಡುತ್ತದೆ. ಹಿಂದಿನ ತಲೆಮಾರಿನ ಬಹುತೇಕರು ಹೀಗೆಯೇ ಬಾಲ್ಯದಲ್ಲಿ ಅದನ್ನು ದಾಟಿದ್ದರು. ಶುದ್ಧ ನೀರು ಕುಡಿದು ಬೆಳೆದ ಇಂದಿನ ಯುವಕ ಯುವತಿಯರಲ್ಲಿ ಅನೇಕರಿಗೆ ಆ ರಕ್ಷಣೆ ಇಲ್ಲ. ಅವರಿಗೆ ಇದೇ ರೋಗ ಇಪ್ಪತ್ತರ, ಮೂವತ್ತರ ಪ್ರಾಯದಲ್ಲಿ ಬಂದಾಗ ಹೆಚ್ಚು ತೀವ್ರವಾಗಿರುತ್ತದೆ. ಕೆಲಸ ಹುಡುಕಿ ನಗರಕ್ಕೆ ಬಂದವರ ಪ್ರಾಯವೂ ಅದೇ ಎನ್ನುವುದನ್ನು ಮರೆಯುವಂತಿಲ್ಲ.

ರಿಪೋರ್ಟಿನ ಅಂಕಿಗಳು ಹೇಳುವುದೇನು?

ಲ್ಯಾಬಿನಲ್ಲಿ ಎಲ್‌ಎಫ್‌ಟಿ ಎಂದು ಕರೆಯುವ ಪರೀಕ್ಷೆಯಲ್ಲಿ ಎಲ್ಲರ ಕಣ್ಣು ಬೀಳುವುದು ಎರಡು ಸಾಲುಗಳ ಮೇಲೆ. ಒಂದು ಎಸ್‌ಜಿಪಿಟಿ, ಇನ್ನೊಂದು ಬಿಲಿರುಬಿನ್.

ಎಸ್‌ಜಿಪಿಟಿ ಎನ್ನುವುದು ಲಿವರ್‌ನ ಜೀವಕೋಶಗಳ ಒಳಗಿರುವ ಕಿಣ್ವ. ಕೋಶಗಳು ಒಡೆದಾಗ ಅದು ರಕ್ತಕ್ಕೆ ಸೋರುತ್ತದೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 40ರ ಒಳಗಿರುವ ಈ ಅಂಕಿ ವೈರಾಣು ಹೊಕ್ಕಾಗ ಸಾವಿರಗಳಿಗೆ ಏರುತ್ತದೆ. ಎಷ್ಟು ಕೋಶಗಳಿಗೆ ಪೆಟ್ಟು ಬಿದ್ದಿದೆ ಎಂಬುದನ್ನು ಅದು ಸೂಚಿಸಬಲ್ಲದು. ಉಳಿದ ಕೋಶಗಳು ಕೆಲಸ ಮಾಡುತ್ತಿವೆಯೇ ಎಂಬುದನ್ನು ಸೂಚಿಸಲಾರದು. ಆದ್ದರಿಂದಲೇ 3,000 ತೋರಿಸಿದವರು ಮೂರು ವಾರದಲ್ಲಿ ಎದ್ದು ಓಡಾಡುವುದುಂಟು, 800 ತೋರಿಸಿದವರು ತುರ್ತು ನಿಗಾ ಘಟಕ ಸೇರುವುದೂ ಉಂಟು. ಪೆಟ್ಟು ನಿಂತ ಮೇಲೆ ಈ ಕಿಣ್ವ ಸುಮಾರು ಎರಡು ದಿನಕ್ಕೊಮ್ಮೆ ಅರ್ಧದಂತೆ ಇಳಿಯುತ್ತದೆ. ಒಡೆಯಲು ಕೋಶಗಳೇ ಉಳಿಯದಿದ್ದರೂ ಅದು ಇಳಿಯುತ್ತದೆ. ರಿಪೋರ್ಟಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಬಿಲಿರುಬಿನ್ ಕಣ್ಣನ್ನು ಹಳದಿ ಮಾಡುವ ಬಣ್ಣ. ಎಸ್‌ಜಿಪಿಟಿ ಇಳಿಯತೊಡಗಿದ ಮೇಲೂ ಇದು ಕೆಲವು ದಿನ ಏರುತ್ತಲೇ ಇರಬಹುದು. ಇದರ ಒಂದು ಪಾಲು ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡುಬಿಡುತ್ತದೆ. ಅಲ್ಬುಮಿನ್ ಅರ್ಧದಷ್ಟು ಬದಲಾಗಲು ಸುಮಾರು 20 ದಿನ ಬೇಕು. ರೋಗಿಗೆ ಹಸಿವು ಮರಳಿ, ಉತ್ಸಾಹ ಬಂದರೂ ಕಣ್ಣಿನ ಹಳದಿ ವಾರಗಟ್ಟಲೆ ಉಳಿಯಲು ಇದೂ ಒಂದು ಕಾರಣ. ಎ ವೈರಾಣುವಿನ ಕೆಲವು ರೋಗಿಗಳಲ್ಲಿ ಪಿತ್ತದ ಹರಿವು ಕಟ್ಟಿಕೊಂಡು ಹಳದಿ, ತುರಿಕೆ ಎರಡು ಮೂರು ತಿಂಗಳು ಕಾಡುವುದಿದೆ. ಅವರೂ ಪೂರ್ಣ ಗುಣವಾಗುತ್ತಾರೆ. ಹೀಗೆ ಹೆದರಬೇಕಿಲ್ಲದ ಕಡೆ ಬಿಲಿರುಬಿನ್ ಹೆದರಿಸುತ್ತದೆ, ಹೆದರಬೇಕಾದ ಕಡೆ ಎಸ್‌ಜಿಪಿಟಿ ಸಮಾಧಾನ ಹೇಳುತ್ತದೆ.

ನೀಲಿ ಮುಚ್ಚಳದ ಟ್ಯೂಬು

ಹಾಗಾದರೆ ನಂಬಬೇಕಾದ ಅಂಕಿ ಯಾವುದು? ಅದರ ಹೆಸರು ಪ್ರೋಥ್ರಾಂಬಿನ್ ಟೈಮ್. ರಿಪೋರ್ಟಿನಲ್ಲಿ ಪಿಟಿ-ಐಎನ್‌ಆರ್ ಎಂದು ಬರೆದಿರುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ ಹೆಚ್ಚಿನವನ್ನು ತಯಾರಿಸುವುದು ಲಿವರ್. ಅವುಗಳಲ್ಲಿ ಏಳನೆಯ ಅಂಶ ಎಂಬುದು ಸುಮಾರು ಆರು ಗಂಟೆಗಳಲ್ಲಿ ಅರ್ಧದಷ್ಟು ಮುಗಿದುಹೋಗುತ್ತದೆ. ಅಂದರೆ ಲಿವರ್ ದಿನದಿನವೂ ಅದನ್ನು ಹೊಸದಾಗಿ ಮಾಡುತ್ತಲೇ ಇರಬೇಕು. ಲಿವರ್ ಕೈಚೆಲ್ಲಿದರೆ ಒಂದೆರಡು ದಿನದಲ್ಲೇ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಐಎನ್‌ಆರ್ ಏರುತ್ತದೆ. ಆರೋಗ್ಯವಂತರಲ್ಲಿ ಇದು ಸುಮಾರು 1 ಇರುತ್ತದೆ.

ಒಂದು ಕಲ್ಪಿತ ಉದಾಹರಣೆ ನೋಡಬಹುದು. ಸೋಮವಾರ ಎಸ್‌ಜಿಪಿಟಿ 3,000, ಐಎನ್‌ಆರ್ 1.3. ಶುಕ್ರವಾರ ಎಸ್‌ಜಿಪಿಟಿ 600, ಐಎನ್‌ಆರ್ 1.1. ಈ ರೋಗಿ ಗುಣದ ಹಾದಿಯಲ್ಲಿದ್ದಾನೆ. ಇನ್ನೊಬ್ಬ ರೋಗಿಗೂ ಸೋಮವಾರ ಅವೇ ಅಂಕಿಗಳು. ಶುಕ್ರವಾರ ಎಸ್‌ಜಿಪಿಟಿ 600ಕ್ಕೆ ಇಳಿದಿದೆ, ಆದರೆ ಐಎನ್‌ಆರ್ 2.6 ಆಗಿದೆ, ಬಿಲಿರುಬಿನ್ ಏರುತ್ತಿದೆ. ಎಲ್‌ಎಫ್‌ಟಿ ಕಾಗದದಲ್ಲಿ ಎಸ್‌ಜಿಪಿಟಿಯನ್ನಷ್ಟೇ ನೋಡಿದವರಿಗೆ ಇಬ್ಬರೂ ಸುಧಾರಿಸುತ್ತಿರುವಂತೆ ಕಾಣುತ್ತಾರೆ. ಎರಡನೆಯವನಿಗೆ ಬೇಕಾದುದು ಲಿವರ್ ತಜ್ಞರಿರುವ ದೊಡ್ಡ ಆಸ್ಪತ್ರೆ, ಅದೂ ಅಂದೇ.

ಸಾಮಾನ್ಯ ಎಲ್‌ಎಫ್‌ಟಿ ಪ್ಯಾಕೇಜಿನಲ್ಲಿ ಪಿಟಿ-ಐಎನ್‌ಆರ್ ಸೇರಿರುವುದಿಲ್ಲ. ಅದಕ್ಕೆ ಬೇರೆಯೇ ದ್ರಾವಣವಿರುವ, ನೀಲಿ ಮುಚ್ಚಳದ ಪ್ರತ್ಯೇಕ ಟ್ಯೂಬು ಬೇಕು. ಆ ಟ್ಯೂಬಿಗೆ ಗುರುತಿನವರೆಗೆ ರಕ್ತ ತುಂಬದಿದ್ದರೆ ಫಲಿತಾಂಶ ತಪ್ಪಾಗಿ ಹೆಚ್ಚು ಬರುತ್ತದೆ. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುವ ಪರೀಕ್ಷೆಯಿದು. ವೈದ್ಯರ ಚೀಟಿ ಇಲ್ಲದೆ ನೇರವಾಗಿ ಲ್ಯಾಬಿಗೆ ಹೋಗಿ "ಜಾಂಡೀಸ್ ಟೆಸ್ಟ್ ಮಾಡಿ" ಎನ್ನುವವರಿಗೆ ಇದು ತಪ್ಪಿಹೋಗುವ ಸಂಭವವೇ ಹೆಚ್ಚು.

ಐಎನ್‌ಆರ್ ಏರಿತೆಂದ ಮಾತ್ರಕ್ಕೆ ಲಿವರ್ ಸೋತಿದೆ ಎಂದೂ ತೀರ್ಮಾನಿಸುವಂತಿಲ್ಲ. ಪಿತ್ತ ಕರುಳಿಗೆ ಸರಿಯಾಗಿ ಇಳಿಯದಿದ್ದರೆ, ರೋಗಿ ದಿನಗಟ್ಟಲೆ ಊಟ ಬಿಟ್ಟಿದ್ದರೆ ಕೆ ವಿಟಮಿನ್ ಕೊರತೆಯಾಗಿ ಐಎನ್‌ಆರ್ ಏರಬಹುದು. ಆಗ ವೈದ್ಯರು ಕೆ ವಿಟಮಿನ್ ಇಂಜೆಕ್ಷನ್ ಕೊಟ್ಟು ಮರುಪರೀಕ್ಷೆ ಮಾಡಿಸುತ್ತಾರೆ. ಅಂಕಿ ಸರಿಹೋದರೆ ತೊಂದರೆ ಕೊರತೆಯದು, ಸರಿಹೋಗದಿದ್ದರೆ ಲಿವರ್‌ನದು. ಹೃದ್ರೋಗಕ್ಕಾಗಿ ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆ ನುಂಗುವವರಲ್ಲೂ ಈ ಅಂಕಿ ಹೆಚ್ಚಿರುತ್ತದೆ. ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಮೂರು ದಿನಗಳ ಲೆಕ್ಕ

ಮೊದಲಿನಿಂದ ಲಿವರ್ ಕಾಯಿಲೆ ಇಲ್ಲದವರಲ್ಲಿ ಐಎನ್‌ಆರ್ 1.5 ಅಥವಾ ಅದಕ್ಕಿಂತ ಹೆಚ್ಚಾಗಿ, ಜೊತೆಗೆ ಬುದ್ಧಿಯಲ್ಲಿ ಏರುಪೇರು ಕಂಡುಬಂದರೆ ಅದನ್ನು ತೀವ್ರ ಲಿವರ್ ವೈಫಲ್ಯ ಎನ್ನುತ್ತಾರೆ. ಬುದ್ಧಿಯ ಏರುಪೇರು ಎಂದರೆ ಎಚ್ಚರ ತಪ್ಪುವುದೊಂದೇ ಅಲ್ಲ. ಹಗಲೆಲ್ಲ ತೂಕಡಿಸಿ ರಾತ್ರಿ ಎಚ್ಚರವಿರುವುದು, ಕಾರಣವಿಲ್ಲದೆ ರೇಗುವುದು, ದಿನ ವಾರ ಮರೆಯುವುದು, ಕೈ ಚಾಚಿದಾಗ ಮಣಿಕಟ್ಟು ಬಡಿದುಕೊಳ್ಳುವುದು ಇವೆಲ್ಲ ಅದರ ಮೊದಲ ಹೆಜ್ಜೆಗಳು. "ಜ್ವರದ ಸುಸ್ತು, ಮಲಗಲಿ ಬಿಡಿ" ಎಂದು ಕೋಣೆಯ ಗೆಳೆಯರು ಬಿಟ್ಟುಬಿಡುವುದು ಇಲ್ಲಿಯೇ.

ಈ ಹಂತ ತಲುಪಿದವರಲ್ಲಿ ಯಾರು ಸ್ವಂತ ಲಿವರ್‌ನಿಂದ ಚೇತರಿಸಿಕೊಳ್ಳುತ್ತಾರೆ, ಯಾರಿಗೆ ಬದಲಿ ಲಿವರ್ ಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿಯಲು ವಿಜ್ಞಾನಿಗಳು ಹಲವು ದಶಕಗಳಿಂದ ಶ್ರಮಿಸಿದ್ದಾರೆ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ತಂಡ 1989ರಲ್ಲಿ ಪ್ರಕಟಿಸಿದ ಮಾನದಂಡಗಳು ಇಂದಿಗೂ ಬಳಕೆಯಲ್ಲಿವೆ. ವೈರಾಣುವಿನಿಂದ ಲಿವರ್ ಸೋತವರಲ್ಲಿ ಐಎನ್‌ಆರ್ 6.5 ದಾಟಿದರೆ ಅದೊಂದೇ ಸಾಕು, ಪರಿಸ್ಥಿತಿ ಗಂಭೀರ. ಇಲ್ಲವಾದರೆ ಪ್ರಾಯ 10ಕ್ಕಿಂತ ಕಡಿಮೆ ಅಥವಾ 40ಕ್ಕಿಂತ ಹೆಚ್ಚು, ಜಾಂಡೀಸ್ ಕಂಡು 7 ದಿನ ದಾಟಿದ ಮೇಲೆ ಬುದ್ಧಿಯ ಏರುಪೇರು, ಐಎನ್‌ಆರ್ 3.5ಕ್ಕಿಂತ ಹೆಚ್ಚು, ಬಿಲಿರುಬಿನ್ ಸುಮಾರು 17.5 ಮಿಲಿಗ್ರಾಂ ದಾಟಿರುವುದು, ರೋಗದ ಮೂಲ ಇವುಗಳಲ್ಲಿ ಮೂರು ಪ್ರತಿಕೂಲವಾಗಿರುವುದನ್ನು ಗಮನಿಸಲಾಗುತ್ತದೆ. ಈ ಪಟ್ಟಿಯಲ್ಲಿ ಎಸ್‌ಜಿಪಿಟಿಗೆ ಸ್ಥಾನವೇ ಇಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಲಿವರ್ ವೈಫಲ್ಯಕ್ಕೆ ಪ್ಯಾರಾಸಿಟಮಾಲ್ ಮಾತ್ರೆಯ ಅತಿ ಸೇವನೆ ದೊಡ್ಡ ಕಾರಣವಾದರೆ, ಭಾರತದಲ್ಲಿ ವೈರಾಣುಗಳದೇ ಮೇಲುಗೈ. ಆದ್ದರಿಂದ ಇಲ್ಲಿನ ರೋಗಿಗಳಿಗೆ ಇಲ್ಲಿನದೇ ಲೆಕ್ಕ ಬೇಕಿತ್ತು. ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು 80 ರೋಗಿಗಳನ್ನು ಅಭ್ಯಸಿಸಿ, ಅಪಧಮನಿಯ ರಕ್ತದಲ್ಲಿ ಅಮೋನಿಯಾ ಪ್ರಮಾಣ ಲೀಟರಿಗೆ 124 ಮೈಕ್ರೋಮೋಲ್ ಅಥವಾ ಹೆಚ್ಚಿದ್ದವರಲ್ಲಿ ಸಾವಿನ ಸಂಭವ ಹೆಚ್ಚು ಎಂದು 2006ರಲ್ಲಿ ತೋರಿಸಿದರು. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಶುದ್ಧೀಕರಿಸುವುದು ಲಿವರ್‌ನ ಕೆಲಸ. ಅದು ನಿಂತಾಗ ಅಮೋನಿಯಾ ಮೆದುಳಿಗೆ ಏರಿ ಊತ ತರುತ್ತದೆ. ಇದೇ ಸಂಸ್ಥೆಯವರು 2012ರಲ್ಲಿ ಪ್ರಕಟಿಸಿದ ಇನ್ನೊಂದು ಮಾದರಿ ಅಮೋನಿಯಾ, ಬಿಲಿರುಬಿನ್, ಐಎನ್‌ಆರ್ ಮತ್ತು ಬುದ್ಧಿಯ ಸ್ಥಿತಿ ಈ ನಾಲ್ಕನ್ನು ಮೂರು ದಿನ ಗಮನಿಸುತ್ತದೆ. ಒಂದು ದಿನದ ಅಂಕಿಗಿಂತ ಮೂರು ದಿನದ ದಾರಿ ಹೆಚ್ಚು ನಿಖರ ಎಂಬುದೇ ಅದರ ತಿರುಳು.

ಈ ಮೂರು ದಿನಗಳು ದೊರಕಬೇಕಾದರೆ ರೋಗಿ ಸಕಾಲದಲ್ಲಿ ಆಸ್ಪತ್ರೆಯಲ್ಲಿರಬೇಕು. ಲಿವರ್ ದಾನಕ್ಕೆ ರಕ್ತಸಂಬಂಧಿ ಊರಿನಿಂದ ಬರಬೇಕು, ಅವರ ತಪಾಸಣೆ ನಡೆಯಬೇಕು, ಕಾನೂನಿನ ಕಾಗದಪತ್ರ ಆಗಬೇಕು, ಲಕ್ಷಾಂತರ ರೂಪಾಯಿ ಹೊಂದಿಸಬೇಕು. ಮುಂಬಯಿಯಲ್ಲಿ ಒಂಟಿಯಾಗಿರುವ ಹುಡುಗನ ಪಾಲಿಗೆ ಇವೆಲ್ಲ ಸಮಯ ಬೇಡುವ ಸಂಗತಿಗಳೇ. ಐಎನ್‌ಆರ್ ಎರಡು ದಿನ ಮೊದಲು ತಿಳಿದರೆ ಆ ಎರಡು ದಿನ ಕೈಗೆ ಸಿಗುತ್ತದೆ.

ಗರ್ಭಿಣಿಯರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಇ ವೈರಾಣು ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ಶೇ. 20ರಿಂದ 25ರವರೆಗೂ ಸಾವು ಸಂಭವಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಗೆ ಜಾಂಡೀಸ್ ಎಂದರೆ ಅಂಕಿಗಾಗಿ ಕಾಯುವಂತಿಲ್ಲ, ಮೊದಲ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಬಿ ಮತ್ತು ಸಿ: ಗುಣದ ಗುರುತೇ ಬೇರೆ

ಎ ಮತ್ತು ಇ ವೈರಾಣು ಸಾಮಾನ್ಯವಾಗಿ ದೇಹದಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ. ಆದರೆ ಬಿ ಮತ್ತು ಸಿ ವಿಷಯದಲ್ಲಿ ಹಳದಿ ಇಳಿದು, ಎಸ್‌ಜಿಪಿಟಿ ಸಹಜವಾದರೂ ವೈರಾಣು ಒಳಗೇ ಕುಳಿತಿರಬಹುದು. ಬಿ ತಗುಲಿದ ವಯಸ್ಕರಲ್ಲಿ ಶೇ. 5ಕ್ಕಿಂತ ಕಡಿಮೆ ಮಂದಿಯಲ್ಲಿ ಅದು ದೀರ್ಘಕಾಲ ಉಳಿಯುತ್ತದೆ. ಹಸುಗೂಸುಗಳಲ್ಲಾದರೆ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ. ರಕ್ತದಲ್ಲಿ ಬಿ ವೈರಾಣುವಿನ ಹೊರಕವಚದ ಗುರುತಾದ ಸರ್ಫೇಸ್ ಆಂಟಿಜೆನ್ ಆರು ತಿಂಗಳೊಳಗೆ ಮಾಯವಾಗಿ, ಅದರ ವಿರುದ್ಧದ ಪ್ರತಿಕಾಯ ಮೂಡಿದರೆ ಮಾತ್ರ ಗುಣವಾಯಿತೆಂದು ಅರ್ಥ. ಈ ಆಂಟಿಜೆನನ್ನು 1960ರ ದಶಕದಲ್ಲಿ ಪತ್ತೆಮಾಡಿದ ಬರೂಚ್ ಬ್ಲೂಂಬರ್ಗ್ 1976ರಲ್ಲಿ ನೊಬೆಲ್ ಪಡೆದರು. ಅವರ ಹುಟ್ಟುಹಬ್ಬವಾದ ಜುಲೈ 28 ಇಂದು ವಿಶ್ವ ಹೆಪಟೈಟಿಸ್ ದಿನ.

ಸಿ ವಿಷಯದಲ್ಲಿ ಪ್ರತಿಕಾಯ ಪರೀಕ್ಷೆ ಗುಣವಾದ ಮೇಲೂ ಪಾಸಿಟಿವ್ ಬರುತ್ತಲೇ ಇರಬಹುದು. ವೈರಾಣು ಇದೆಯೇ ಇಲ್ಲವೇ ಎಂಬುದನ್ನು ಆರ್‌ಎನ್‌ಎ ಪರೀಕ್ಷೆಯೇ ಹೇಳಬೇಕು. ಇದ್ದರೆ ಇಂದಿನ ಮಾತ್ರೆಗಳಿಂದ ಮೂರು ತಿಂಗಳ ಆಸುಪಾಸಿನಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಕೇಂದ್ರ ಸರಕಾರ 2018ರ ಜುಲೈ 28ರಂದು ಚಾಲನೆ ನೀಡಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ತಪಾಸಣೆ, ಚಿಕಿತ್ಸೆ ಉಚಿತ. ರಕ್ತದಾನ ಶಿಬಿರದಲ್ಲಿ ಪಾಸಿಟಿವ್ ಎಂದು ತಿಳಿದವರನ್ನು ಅಲ್ಲಿಗೆ ತಲುಪಿಸುವುದು ಸಂಘಗಳಿಗೆ ಕಷ್ಟದ ಮಾತಲ್ಲ.

ಊರ ಮದ್ದಿನ ಯಶಸ್ಸಿನ ಗುಟ್ಟು

ಜಾಂಡೀಸ್ ಎಂದೊಡನೆ ಊರಿಗೆ ಹೋಗಿ ಸೊಪ್ಪಿನ ರಸ ಕುಡಿದು ಬರುವ ರೂಢಿ ಇಂದಿಗೂ ಇದೆ. ಮದ್ದು ಕೊಡುವವರ ಮನೆ ಮುಂದೆ ಸಾಲು ನಿಲ್ಲುವುದೂ ನಿಜ, ಕುಡಿದವರಲ್ಲಿ ಬಹುತೇಕರು ಗುಣವಾಗುವುದೂ ನಿಜ. ಆದರೆ ಎ ಮತ್ತು ಇ ರೋಗಿಗಳಲ್ಲಿ ಬಹುಪಾಲು ಮಂದಿ ಏನನ್ನೂ ಕುಡಿಯದಿದ್ದರೂ ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಈ ಎರಡಕ್ಕೂ ವೈರಾಣುವನ್ನು ಕೊಲ್ಲುವ ಮದ್ದು ಅಲೋಪತಿಯಲ್ಲೂ ಸಾಮಾನ್ಯವಾಗಿ ಕೊಡುವುದಿಲ್ಲ. ವಿಶ್ರಾಂತಿ, ನೀರು, ಹಿಡಿಸುವ ಊಟ ಇಷ್ಟೇ. ಗುಣವಾದುದರ ಕೀರ್ತಿ ಆ ದಿನ ಕೈಯಲ್ಲಿದ್ದ ಮದ್ದಿಗೆ ಸಲ್ಲುತ್ತದೆ.

ಪ್ರಶ್ನೆ ಇರುವುದು ಗುಣವಾಗದ ಆ ಕೆಲವರದು. ರಸ ಕುಡಿದು ಪಥ್ಯ ಮಾಡುತ್ತ ಕಳೆಯುವ ದಿನಗಳಲ್ಲಿ ಐಎನ್‌ಆರ್ ಏರಿದ್ದು ಯಾರಿಗೂ ತಿಳಿಯುವುದಿಲ್ಲ. ಕೆಲವು ಗಿಡಮೂಲಿಕೆಗಳು ಸ್ವತಃ ಲಿವರ್‌ಗೆ ಹಾನಿಕರ ಎಂಬುದೂ ವೈದ್ಯಕೀಯವಾಗಿ ದಾಖಲಾಗಿದೆ. ಜ್ವರಕ್ಕೆಂದು ವೈದ್ಯರನ್ನು ಕೇಳದೆ ಪದೇ ಪದೇ ಪ್ಯಾರಾಸಿಟಮಾಲ್ ನುಂಗುವುದು, ಮದ್ಯಪಾನ ಮುಂದುವರಿಸುವುದು ಕೂಡ ಅಷ್ಟೇ ಅಪಾಯ.

ಸಂಘಗಳು ಮಾಡಬಹುದಾದುದು

ಇದೆಲ್ಲದರ ಅರ್ಥ ಮುಂದಿನ ಆರೋಗ್ಯ ಶಿಬಿರದಲ್ಲಿ ಬಂದವರೆಲ್ಲರಿಗೂ ಐಎನ್‌ಆರ್ ಪರೀಕ್ಷೆ ಮಾಡಿಸಬೇಕೆಂದಲ್ಲ. ಆರೋಗ್ಯವಂತರಿಗೆ ಅದರಿಂದ ಪ್ರಯೋಜನವಿಲ್ಲ. ಜಾಂಡೀಸ್ ಆದವರ ಕರೆ ಬಂದಾಗ ಪದಾಧಿಕಾರಿಗಳು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಐಎನ್‌ಆರ್ ಆಗಿದೆಯೇ, ಎಷ್ಟಿದೆ? ಹೆಸರು, ಊರು, ವಾರ ಸರಿಯಾಗಿ ಹೇಳುತ್ತಾರೆಯೇ? ವಾಂತಿ ನಿಲ್ಲದೆ ಇದೆಯೇ, ಮೂಗು ವಸಡಿನಿಂದ ರಕ್ತ ಬರುತ್ತಿದೆಯೇ? ಗರ್ಭಿಣಿಯೇ? ಐಎನ್‌ಆರ್ ಆಗಿಲ್ಲವೆಂದರೆ ಅಂದೇ ವೈದ್ಯರ ಸಲಹೆಯಂತೆ ಮಾಡಿಸಬೇಕು. 1.5 ಮುಟ್ಟಿದ್ದರೆ, ಅಥವಾ ಉಳಿದ ಪ್ರಶ್ನೆಗಳಿಗೆ ಆತಂಕದ ಉತ್ತರ ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಪ್ಲಾಸ್ಮಾ ಬೇಕೆಂಬ ಬೇಡಿಕೆಯೂ ಸಂಘಗಳಿಗೆ ಬರುವುದುಂಟು. ರಕ್ತಸ್ರಾವವಿಲ್ಲದಾಗ ಐಎನ್‌ಆರ್ ಇಳಿಸಲೆಂದೇ ಪ್ಲಾಸ್ಮಾ ಕೊಟ್ಟರೆ ಅಂಕಿ ಇಳಿಯುತ್ತದೆ, ಆದರೆ ಲಿವರ್‌ನ ನಿಜಸ್ಥಿತಿ ಮುಚ್ಚಿಹೋಗುತ್ತದೆ. ಬಂಧುಗಳು ಅದಕ್ಕಾಗಿ ಒತ್ತಾಯಿಸದೆ ತೀರ್ಮಾನವನ್ನು ತಜ್ಞರಿಗೆ ಬಿಡುವುದು ಲೇಸು.

ಹೊಟೇಲು ಉದ್ಯಮದಲ್ಲಿರುವ ಸದಸ್ಯರ ಹೊಣೆ ಇನ್ನೂ ಒಂದು ತೂಕ ಹೆಚ್ಚು. ಎ ವೈರಾಣು ಕಣ್ಣು ಹಳದಿಯಾಗುವ ಒಂದೆರಡು ವಾರ ಮೊದಲಿನಿಂದ, ಆದ ಮೇಲೆ ಸುಮಾರು ಒಂದು ವಾರದವರೆಗೆ ಹರಡುತ್ತದೆ. ಅಡುಗೆಯವರಿಗೆ, ಬಡಿಸುವವರಿಗೆ ಸೋಪಿನಿಂದ ಕೈತೊಳೆಯುವ ಕಟ್ಟುನಿಟ್ಟು, ಹುಷಾರಿಲ್ಲದಾಗ ಸಂಬಳಸಹಿತ ರಜೆ, ಕಾರ್ಮಿಕರ ಕೋಣೆಗೆ ಕುದಿಸಿದ ನೀರು, ಟ್ಯಾಂಕಿನ ಶುಚಿತ್ವ ಇವು ದಾನಧರ್ಮವಲ್ಲ, ಉದ್ಯಮದ ಸ್ವಂತ ರಕ್ಷಣೆ. ಎ ಮತ್ತು ಬಿ ಎರಡಕ್ಕೂ ಲಸಿಕೆ ಲಭ್ಯವಿದೆ. ಸಂಘಗಳು ಒಟ್ಟಾಗಿ ವೈದ್ಯರ ಮಾರ್ಗದರ್ಶನದಲ್ಲಿ ಲಸಿಕಾ ಶಿಬಿರ ನಡೆಸಿದರೆ ಯುವಜನರಿಗೆ ಉಪಕಾರವಾದೀತು.

ಹೊರನಾಡಿನಲ್ಲಿ ತಮ್ಮವರೊಬ್ಬರು ತುರ್ತು ನಿಗಾ ಘಟಕ ಸೇರಿದರೆ ಕನ್ನಡಿಗರು ಕೈಯೆತ್ತಿ ಕೊಡುತ್ತಾರೆ. ಒಂದೆರಡು ದಿನದಲ್ಲೇ ದೊಡ್ಡ ಮೊತ್ತ ಸಂಗ್ರಹವಾದ ನಿದರ್ಶನಗಳು ಪ್ರತಿ ನಗರದಲ್ಲೂ ಇವೆ. ಅದೇ ವೈದ್ಯಕೀಯ ನಿಧಿಯ ಅತಿ ಸಣ್ಣ ಪಾಲನ್ನು ಬಡ ಕಾರ್ಮಿಕನ ಮೊದಲ ವಾರದ ಐಎನ್‌ಆರ್ ಪರೀಕ್ಷೆಗೆ ಮೀಸಲಿಟ್ಟರೆ, ಕೊನೆಯ ವಾರದ ದೊಡ್ಡ ಮೊತ್ತದ ಅಗತ್ಯ ಕೆಲವರ ಪಾಲಿಗಾದರೂ ಬಾರದಿರಬಹುದು. ಬಂದರೂ ಹಣದ ಜೊತೆಗೆ ಸಮಯವೂ ಕೈಯಲ್ಲಿರುತ್ತದೆ. ಈ ಮಳೆಗಾಲದ ಕಾರ್ಯಕಾರಿ ಸಮಿತಿ ಸಭೆಗಳಲ್ಲಿ ವಾರ್ಷಿಕೋತ್ಸವದ ಚರ್ಚೆಯ ನಡುವೆ ಹತ್ತು ನಿಮಿಷ ಇದಕ್ಕೂ ಸಲ್ಲಲಿ.